ಮಲಗಿದ್ದ ಫೋನು ತಿಂದ ಡೇಟಾ

"ಬ್ಯಾಕ್‌ಗ್ರೌಂಡಲ್ಲಿ ಯಾವ್ದೋ ಆ್ಯಪ್ ರನ್ ಆಗ್ತಿರ್ಬೇಕು ಮೇಡಂ, ಒಂದ್ಸಲ ಚೆಕ್ ಮಾಡ್ಕೊಳ್ಳಿ."

ನಾನು ಬಳಸದೇ ಇರೋ ಡೇಟಾ ಹೇಗೆ ಖಾಲಿಯಾಯ್ತು ಅಂತ ಕಸ್ಟಮರ್ ಕೇರಿಗೆ ಫೋನ್ ಮಾಡಿದವರಿಗೆಲ್ಲ ಸಿಗೋ ಉತ್ತರ ಇದು. ಕಂಪನಿ ಯಾವುದಾದರೂ ಇರಲಿ, ಫೋನೆತ್ತಿದವರು ಹುಬ್ಬಳ್ಳಿಯವರಾಗಿರಲಿ ಮಂಗಳೂರಿನವರಾಗಿರಲಿ, ಮಾತು ಇದೇ. ಆ ವಾಕ್ಯವನ್ನ ಒಂಚೂರು ಬಿಡಿಸಿ ನೋಡಿ. ಓಡಿದ್ದು "ಯಾವ್ದೋ ಆ್ಯಪ್". ಓಡಿದ್ದು ಎಲ್ಲಿ? ನಮಗೆ ಕಾಣದ ಕಡೆ. ಪತ್ತೆ ಹಚ್ಚಬೇಕಾದವರು ನಾವು. ದುಡ್ಡು ಕಟ್ಟಬೇಕಾದವರೂ ನಾವೇ. ಇಷ್ಟಾದ ಮೇಲೂ ಫೋನಿಡುವಾಗ "ಥ್ಯಾಂಕ್ಯೂ" ಅನ್ನೋದು ಕೂಡ ನಾವೇ!

ಇಂಟರ್ನೆಟ್ಟಿನಲ್ಲಿ ಈ ವಿಷಯ ಹುಡುಕಿದರೆ ಸಲಹೆಗಳ ರಾಶಿ ಬೀಳುತ್ತೆ. ಡೇಟಾ ಸೇವರ್ ಆನ್ ಮಾಡಿ, ಆಟೋಪ್ಲೇ ಆಫ್ ಮಾಡಿ, ವಾಟ್ಸಾಪಿನ ಆಟೋ ಡೌನ್‌ಲೋಡ್ ನಿಲ್ಲಿಸಿ, ಬ್ಯಾಕಪ್ಪು ವೈಫೈಗೆ ಮಾತ್ರ ಇಡಿ. ಸಲಹೆಗಳೆಲ್ಲ ಸರಿಯೇ ಇವೆ. ನನ್ನ ತಕರಾರು ಬೇರೆ. ಮನೆ ಬಾಗಿಲು ತೆರೆದೇ ಇರೋ ಹಾಗೆ ಕಟ್ಟಿಕೊಟ್ಟ ಮೇಸ್ತ್ರಿ, ಕಳ್ಳತನ ಆದಮೇಲೆ ಬಂದು "ಬಾಗಿಲು ಹಾಕ್ಕೊಳ್ಳೋಕೆ ಕಲೀರಿ" ಅಂತ ಹತ್ತು ಉಪಾಯ ಹೇಳಿಕೊಟ್ಟರೆ ಅದಕ್ಕೆ ಸಲಹೆ ಅನ್ನೋಕಾಗುತ್ತಾ?

ನಮ್ಮ ಟೀಮಲ್ಲಿ ಒಬ್ಬಳಿದ್ದಾಳೆ. ದಿನಕ್ಕೆ 1.5 ಜಿಬಿ ಪ್ಲ್ಯಾನು. ಒಂದು ದಿನ ಬೆಳಿಗ್ಗೆ ಏಳೂಮುಕ್ಕಾಲಿಗೆ, ಇನ್ನೂ ಪಿಜಿಯಿಂದ ಕಾಲು ಆಚೆ ಇಟ್ಟಿಲ್ಲ, ಇವತ್ತಿನ ಡೇಟಾ ಶೇ. 90 ಮುಗಿದಿದೆ ಅಂತ ಮೆಸೇಜು. ಕಸ್ಟಮರ್ ಕೇರಿನವರು ಮೇಲಿನ ಮಂತ್ರ ಹೇಳಿದರು. ಮಧ್ಯಾಹ್ನ ಕ್ಯಾಂಟೀನಲ್ಲಿ ಅವಳ ಫೋನಿನ ಸೆಟ್ಟಿಂಗುಗಳನ್ನ ಒಂದೊಂದಾಗಿ ಕೆದಕಿದಾಗ ಕಥೆ ಗೊತ್ತಾಯ್ತು. ರಾತ್ರಿ ಮಳೆ ಸದ್ದಿನ ವಿಡಿಯೋ ಹಾಕ್ಕೊಂಡು ಮಲಗೋ ಅಭ್ಯಾಸ ಅವಳಿಗೆ (ಬೆಂಗಳೂರಿನ ನಿಜವಾದ ಮಳೆ ಸದ್ದು ಕೇಳಿದರೆ ನಿದ್ದೆ ಬರಲ್ಲ, ಮಾರನೇ ದಿನದ ಟ್ರಾಫಿಕ್ ನೆನಪಾಗುತ್ತೆ). ರಾತ್ರಿ ಯಾವಾಗಲೋ ಕರೆಂಟು ಹೋಗಿದೆ. ಪಿಜಿಯ ರೂಟರಿಗೆ ಯುಪಿಎಸ್ ಇಲ್ಲ. ವೈಫೈ ಸತ್ತಿದೆ. ಫೋನು ಮರುಕ್ಷಣ ಮೊಬೈಲ್ ಡೇಟಾಕ್ಕೆ ಹಾರಿ, ವಿಡಿಯೋ ಒಂದು ಸೆಕೆಂಡೂ ನಿಲ್ಲದ ಹಾಗೆ, ಬೆಳಗಿನವರೆಗೆ ಮಳೆ ಸುರಿಸಿದೆ.

ಇಂಜಿನಿಯರಿಂಗ್ ದೃಷ್ಟಿಯಿಂದ ಇದು ಅದ್ಭುತ ಕೆಲಸ, ಒಪ್ಪಿದೆ. ಆದರೆ ಆ ಫೋನಿಗೆ ವೈಫೈ ಹೋಗಿದ್ದು ಗೊತ್ತಿತ್ತು. ಈಗ ಬಳಸ್ತಿರೋದು ಲೆಕ್ಕದ ಡೇಟಾ ಅನ್ನೋದೂ ಗೊತ್ತಿತ್ತು. ಅದು ಮಾಡಿದ್ದಿಷ್ಟು: ಪರದೆಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಚಿಹ್ನೆಯೊಂದನ್ನ ಬದಲಾಯಿಸಿತು. ಎಂದೋ ಒಮ್ಮೆ ಬಿರಿಯಾನಿ ತರಿಸಿದ ಆ್ಯಪ್ಪು "ಮಿಸ್ ಯೂ" ಅಂತ ದಿನಕ್ಕೆರಡು ಸಲ ಟಿಂಗ್ ಅನ್ನಿಸೋಕೆ ಬಿಡೋ ಫೋನಿಗೆ, "ವೈಫೈ ಹೋಯ್ತು, ನಿನ್ನ ಕಾಸಲ್ಲಿ ಮುಂದುವರಿಸಲಾ?" ಅಂತ ಒಂದು ಮಾತು ಕೇಳೋಕಾಗಲ್ವಾ? ಆಗುತ್ತೆ. ಕೇಳಲ್ಲ ಅಷ್ಟೆ. ಕೇಳಿದರೆ ನಾವು "ಬೇಡ" ಅನ್ನೋ ಸಾಧ್ಯತೆ ಇದೆಯಲ್ಲ.

ಇದೇನು ನಮ್ಮ ಊರಿನ ಗೊಣಗಾಟ ಮಾತ್ರ ಅಂದುಕೊಳ್ಳಬೇಡಿ. 2015ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿ ಐಒಎಸ್ 9 ಜೊತೆಗೆ ವೈಫೈ ಅಸಿಸ್ಟ್ ಅನ್ನೋ ಸೌಲಭ್ಯ ಕೊಟ್ಟಿತು. ವೈಫೈ ಸಿಗ್ನಲ್ ಮಂದವಾದರೆ ಫೋನು ತಾನಾಗಿಯೇ ಮೊಬೈಲ್ ಡೇಟಾಕ್ಕೆ ಬದಲಾಗೋದು. ಯಾರನ್ನೂ ಕೇಳದೆ ಮೊದಲಿಂದಲೇ ಆನ್. ಮುಂದಿನ ತಿಂಗಳೇ ಕ್ಯಾಲಿಫೋರ್ನಿಯಾದಲ್ಲಿ ಅದರ ಮೇಲೆ ಕೇಸು ಬಿತ್ತು. ಹಿನ್ನೆಲೆಯ ಡೌನ್‌ಲೋಡುಗಳಿಗೆ, ರೋಮಿಂಗಿಗೆ ಇದು ಅನ್ವಯಿಸಲ್ಲ ಅಂತ ಕಂಪನಿ ಹೇಳುತ್ತೆ, ಇರಲಿ. ಈಗಲೂ ಅದರ ಸ್ವಿಚ್ಚು ಎಲ್ಲಿದೆ ಅಂತ ಹುಡುಕಿ ನೋಡಿ. ಸೆಟ್ಟಿಂಗ್ಸಿಗೆ ಹೋಗಿ, ಮೊಬೈಲ್ ಡೇಟಾ ಒತ್ತಿ, ನಿಮ್ಮ ಫೋನಿನಲ್ಲಿರೋ ಆ್ಯಪ್‌ಗಳ ಉದ್ದುದ್ದ ಪಟ್ಟಿಯನ್ನೆಲ್ಲ ದಾಟಿ, ಕಟ್ಟಕಡೆಗೆ ಇಳಿದರೆ ಅಲ್ಲಿ ಕೂತಿರುತ್ತೆ. ಆಕಸ್ಮಿಕವಾಗಿ ಯಾರಾದರೂ ಅಲ್ಲಿವರೆಗೆ ಹೋದರೆ ಅವರಿಗೆ ಬಹುಮಾನ ಕೊಡಬೇಕು.

ಆಂಡ್ರಾಯ್ಡಿನ ಕಥೆ ಇನ್ನೂ ರುಚಿಯಾಗಿದೆ. 2019ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಬಳಕೆದಾರರು ಗೂಗಲ್ ಮೇಲೆ ಕೇಸು ಹಾಕಿದರು. ಆರೋಪ ಏನು ಗೊತ್ತಾ? ಫೋನು ಸುಮ್ಮನೆ ಮೇಜಿನ ಮೇಲೆ ಬಿದ್ದಿದ್ದರೂ, ಯಾರೂ ಮುಟ್ಟದಿದ್ದರೂ, ಅದು ನಮ್ಮ ಮೊಬೈಲ್ ಡೇಟಾ ಬಳಸಿ ಗೂಗಲ್ಲಿಗೆ ಮಾಹಿತಿ ಕಳಿಸ್ತಾ ಇರುತ್ತೆ ಅಂತ. ಅವರು ಕೋರ್ಟಿನ ಮುಂದಿಟ್ಟ ಒಂದು ಪ್ರಯೋಗದ ಲೆಕ್ಕ ಹೀಗಿದೆ. ಹೊಸ ಗೂಗಲ್ ಖಾತೆ ಹಾಕಿದ ಒಂದು ಗ್ಯಾಲಕ್ಸಿ ಎಸ್7 ಫೋನು, ಅದರಲ್ಲಿ ಕಂಪನಿಯಿಂದ ಬಂದ ಆ್ಯಪ್‌ಗಳು ಮಾತ್ರ, ಯಾವ ಸೆಟ್ಟಿಂಗೂ ಬದಲಿಸಿಲ್ಲ. ದಿನಕ್ಕೆ 8.88 ಎಂಬಿ ಡೇಟಾ ಓಡಾಡಿದೆ. ಆ ಸಂಪರ್ಕಗಳಲ್ಲಿ ಶೇ. 94 ಗೂಗಲ್ ಜೊತೆಗೇ. ಎಲ್ಲ ಆ್ಯಪ್ ಮುಚ್ಚಿಟ್ಟರೂ 24 ಗಂಟೆಯಲ್ಲಿ ಸುಮಾರು 389 ಸಲ, ಅಂದರೆ ಗಂಟೆಗೆ ಹದಿನಾರು ಸಲ, ಗೂಗಲ್ಲಿಗೆ ಮಾಹಿತಿ ಹೋಗಿದೆ. 2025ರ ಜುಲೈ 1ರಂದು ಸ್ಯಾನ್ ಹೋಸೆಯ ಜ್ಯೂರಿ ಗೂಗಲ್ ವಿರುದ್ಧ ತೀರ್ಪು ಕೊಟ್ಟು ಸುಮಾರು 31.4 ಕೋಟಿ ಡಾಲರ್ ಪರಿಹಾರ ಕಟ್ಟಬೇಕು ಅಂದಿತು. ಗೂಗಲ್ ಮೇಲ್ಮನವಿ ಹಾಕ್ತೀವಿ ಅಂತು. ಭದ್ರತೆಗೆ, ಫೋನಿನ ಆರೋಗ್ಯಕ್ಕೆ ಇದೆಲ್ಲ ಬೇಕು, ಬಳಕೆದಾರರು ಷರತ್ತುಗಳಿಗೆ ಒಪ್ಪಿಗೆ ಕೊಟ್ಟೇ ಇದ್ದಾರೆ ಅನ್ನೋದು ಅದರ ವಾದ.

ಇಲ್ಲಿ ಓದುಗರಲ್ಲಿ ಅರ್ಧ ಜನ ನಗ್ತಿರ್ತೀರಿ, ಗೊತ್ತು. ನಮ್ಮಲ್ಲಿ ಬಹಳಷ್ಟು ಜನ ಇಂಥ ಆ್ಯಪ್ ಕಟ್ಟೋ ಕೆಲಸದಲ್ಲೇ ಇರೋದು. "8.88 ಎಂಬಿಗೆ ಇಷ್ಟು ಗಲಾಟೆನಾ? ನೋಟಿಫಿಕೇಶನ್ ಬರಬೇಕು ಅಂದ್ರೆ ಫೋನು ಸರ್ವರ್ ಜೊತೆ ಮಾತಾಡಲೇಬೇಕಲ್ಲ ಗುರು" ಅಂತೀರಿ. ಮಾತಾಡಲಿ. ಸೆಕ್ಯುರಿಟಿ ಅಪ್‌ಡೇಟ್ ಬೇಡ ಅಂತ ಯಾರೂ ಹೇಳ್ತಿಲ್ಲ. ಕೇಸು ಹಾಕಿದವರ ಪ್ರಶ್ನೆ ಇದ್ದದ್ದೂ ಅದಲ್ಲ. ಈ ಪೈಕಿ ಬಹುಪಾಲು ಸಂದೇಶಗಳು ವೈಫೈ ಸಿಗೋವರೆಗೆ ಕಾಯಬಹುದಿತ್ತು, ಕಾಯಿಸಲಿಲ್ಲ ಯಾಕೆ ಅನ್ನೋದು ಅವರ ಪ್ರಶ್ನೆ. ಕಾಯಿಸೋದು ತಾಂತ್ರಿಕವಾಗಿ ಎಷ್ಟು ಸುಲಭ ಅಂತ ನಗ್ತಿರೋ ನಿಮಗೇ ಚೆನ್ನಾಗಿ ಗೊತ್ತು. ಆಂಡ್ರಾಯ್ಡಿನಲ್ಲಿ ಒಂದು ಕೆಲಸವನ್ನ "ಲೆಕ್ಕವಿಲ್ಲದ ನೆಟ್‌ವರ್ಕ್ ಸಿಕ್ಕಾಗ ಮಾತ್ರ ಮಾಡು" ಅಂತ ಹೇಳೋಕೆ ಒಂದು ಸಾಲು ಕೋಡು ಸಾಕು. ಆ ಸಾಲು ಬರೆಯದೇ ಬಿಡೋದು ಕೂಡ ಯಾರೋ ಕೂತು ಮಾಡಿದ ತೀರ್ಮಾನವೇ.

ಅಂಗಡಿಯವನು ಪ್ರತಿ ಗಿರಾಕಿಯ ಚಿಲ್ಲರೆಯಲ್ಲಿ ಐವತ್ತು ಪೈಸೆ ಇಟ್ಟುಕೊಂಡರೆ ಒಬ್ಬೊಬ್ಬರಿಗೆ ಐವತ್ತು ಪೈಸೆಯೇ ನಷ್ಟ. ಅಂಗಡಿಗೆ ಎಷ್ಟು ಲಾಭ ಅಂತ ಲೆಕ್ಕ ಹಾಕೋಕೆ ಎಂಬಿಎ ಬೇಕಾಗಿಲ್ಲ.

ಇನ್ನು "ಪ್ರಪಂಚದಲ್ಲೇ ಅಗ್ಗದ ಡೇಟಾ ನಮ್ಮದು, ಸುಮ್ನಿರಪ್ಪ" ಅನ್ನೋ ವಾದ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದಮೇಲೆ ಅಗ್ಗ ಆಗಿದ್ದು ನಿಜ. ಆವಾಗಿಂದಲೇ ತಿಂಗಳ ಲೆಕ್ಕ ಹೋಗಿ ದಿನದ ಲೆಕ್ಕ ಬಂತು. ಈ ದಿನದ ಲೆಕ್ಕದ ಚಮತ್ಕಾರ ಒಂಚೂರು ನೋಡೋಣ. ಒಳ್ಳೇ ಸಿಗ್ನಲ್ ಇರೋ ಕಡೆ ಸೆಕೆಂಡಿಗೆ 100 ಮೆಗಾಬಿಟ್ ವೇಗ ಈಗ ದೊಡ್ಡ ಮಾತಲ್ಲ. ಅಂದರೆ ಸೆಕೆಂಡಿಗೆ 12.5 ಮೆಗಾಬೈಟ್. ದಿನದ ಕೋಟಾ 1.5 ಜಿಬಿ. ಭಾಗಿಸಿ. ಪೂರ್ತಿ ವೇಗದಲ್ಲಿ ಇಪ್ಪತ್ನಾಲ್ಕು ಗಂಟೆಯ ಡೇಟಾ ಎರಡು ನಿಮಿಷಕ್ಕೆ ಮುಗಿಯುತ್ತೆ. ರಾತ್ರಿ ಹನ್ನೆರಡಕ್ಕೆ ಕೋಟಾ ಹೊಸದಾಗುತ್ತೆ, ಅಷ್ಟರೊಳಗೆ ಬಳಸದೇ ಉಳಿದದ್ದು ಮಾಯ. ಭಾನುವಾರ ಮನೆಯ ವೈಫೈಲಿ ಕೂತು ಉಳಿಸಿದ ಡೇಟಾ ಸೋಮವಾರ ಸಿಲ್ಕ್ ಬೋರ್ಡಿನಲ್ಲಿ ನಿಂತಾಗ ಕೊಡಲ್ಲ. ಜಾಸ್ತಿ ಬಳಸಿದರೆ ನಮ್ಮಿಂದ ಬೂಸ್ಟರ್ ಪ್ಯಾಕಿನ ದುಡ್ಡು, ಕಮ್ಮಿ ಬಳಸಿದರೆ ಅವರಿಗೇ ಉಳಿತಾಯ. ಜೂಜಿನಂಗಡಿಯವರೂ ಅಪರೂಪಕ್ಕೊಮ್ಮೆ ಸೋಲ್ತಾರೆ.

ಕೋಟಾ ಮುಗಿದ ಮೇಲೆ "ಅನ್‌ಲಿಮಿಟೆಡ್" ಅನ್ನೋ ಪದದ ಮರ್ಯಾದೆ ಉಳಿಸೋಕೆ 64 ಕಿಲೋಬಿಟ್ ವೇಗ ಕೊಡ್ತಾರೆ. ಸೆಕೆಂಡಿಗೆ 8 ಕಿಲೋಬೈಟ್. ಊರಲ್ಲಿ ಯಾರೋ ಪಹಣಿ ನೋಡೋಕೆ ಎರಡು ಎಂಬಿಯ ಒಂದು ಪುಟ ತೆರೆದರು ಅನ್ನಿ. ಪುಟ ಬರೋಕೆ ನಾಲ್ಕು ನಿಮಿಷ ದಾಟುತ್ತೆ. ಅಷ್ಟರಲ್ಲಿ ಸೆಷನ್ ಮುಗಿದು ವೆಬ್‌ಸೈಟು ಮತ್ತೆ ಮೊದಲಿಂದ ಶುರುಮಾಡಿ ಅನ್ನುತ್ತೆ. ದೂರಸಂಪರ್ಕ ಇಲಾಖೆ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಅಂತ ಕರೆಸಿಕೊಳ್ಳೋಕೆ ಕನಿಷ್ಠ 2 ಮೆಗಾಬಿಟ್ ವೇಗ ಇರಬೇಕು ಅಂತ ವ್ಯಾಖ್ಯಾನ ಬದಲಿಸಿತು. 64 ಕಿಲೋಬಿಟ್ ಅಂದರೆ ಅದರ ಮೂವತ್ತರಲ್ಲೊಂದು ಪಾಲೂ ಆಗಲ್ಲ.

5ಜಿ ಇರೋರು ಇದನ್ನ ಓದಿ ಬೀಗಬೇಡಿ. 2024ರ ಜುಲೈನಲ್ಲಿ ದರ ಏರಿಸಿದ ಮೇಲೆ ಅನ್‌ಲಿಮಿಟೆಡ್ 5ಜಿ ಸಿಗೋದು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪ್ಲ್ಯಾನಿನವರಿಗೆ ಮಾತ್ರ ಅಂತ ದೊಡ್ಡ ಕಂಪನಿಗಳು ಮಾಡಿಕೊಂಡವು. ಆಫೀಸಿನ ಬೇಸ್‌ಮೆಂಟಿಗೆ ಇಳಿದಾಗ, ಮೆಟ್ರೋ ಸುರಂಗದೊಳಗೆ ಹೋದಾಗ ಫೋನು ಸದ್ದಿಲ್ಲದೆ 4ಜಿಗೆ ಜಾರುತ್ತೆ, ಅಲ್ಲಿಂದ ಮೀಟರು ಓಡೋಕೆ ಶುರು. ವಿಡಿಯೋಗೇನು ಗೊತ್ತು? 5ಜಿ ಗುಂಗಿನಲ್ಲೇ ದೊಡ್ಡ ಗುಣಮಟ್ಟದಲ್ಲಿ ಸುರೀತಾ ಇರುತ್ತೆ.

ಸರಿ, ನಾವೇ ಪತ್ತೇದಾರರಾಗೋಣ ಅಂತ ಹೊರಟರೆ ಕೈಗೆ ಸಿಗೋ ಸಲಕರಣೆ ನೋಡಿ. ಆಂಡ್ರಾಯ್ಡಿನ ಡೇಟಾ ಲೆಕ್ಕದ ಪುಟ ತಿಂಗಳ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಅಂತ ಎಣಿಸುತ್ತೆ. ನಮ್ಮ ಪ್ಲ್ಯಾನು 28 ದಿನದ್ದು, ಕೋಟಾ ದಿನದ್ದು. ಸೇರಿಗೆ ಅಳೆದು ಕೊಡೋ ಅಂಗಡಿಯಲ್ಲಿ ಗಜದ ಕೋಲು ಹಿಡಿದು ನಿಂತ ಹಾಗೆ. (ಈ 28 ದಿನವೂ ಒಂದು ಕಲೆ. ಹನ್ನೆರಡು ತಿಂಗಳ ವರ್ಷಕ್ಕೆ ಹದಿಮೂರು ರೀಚಾರ್ಜು. 30 ದಿನದ್ದು ಒಂದಾದರೂ ಪ್ಲ್ಯಾನ್ ಇಡಿ ಅಂತ 2022ರಲ್ಲಿ ಟ್ರಾಯ್ ಆದೇಶ ಮಾಡಬೇಕಾಯ್ತು.) ಕೆಲವು ಚೀನಾ ಕಂಪನಿಗಳ ಫೋನಿನಲ್ಲಿ "ಇವತ್ತು ಇಷ್ಟು" ಅಂತ ಕಾಣುತ್ತೆ, ಅಷ್ಟರಮಟ್ಟಿಗೆ ಅವು ವಾಸಿ. ಐಫೋನಿನ "ಕರೆಂಟ್ ಪೀರಿಯಡ್" ಅಂತೂ ನೀವಾಗಿ ರೀಸೆಟ್ ಮಾಡೋವರೆಗೆ ಕೂಡ್ತಾನೇ ಹೋಗುತ್ತೆ. ಫೋನ್ ತಗೊಂಡ ದಿನದಿಂದ ಇವತ್ತಿನವರೆಗೆ ಒಂದೇ "ಪೀರಿಯಡ್" ಆಗಿರೋ ಐಫೋನುಗಳು ನಿಮ್ಮ ಪಕ್ಕದ ಕ್ಯೂಬಿಕಲ್ಲಿನಲ್ಲೇ ಸಿಗುತ್ತವೆ, ಕೇಳಿ ನೋಡಿ.

ಪಟ್ಟಿಯೊಳಗಿನ ಹೆಸರುಗಳೋ! "ಸಿಸ್ಟಂ ಸರ್ವೀಸಸ್", "ಅನ್‌ಇನ್‌ಸ್ಟಾಲ್ಡ್ ಆ್ಯಪ್ಸ್", "ಆಂಡ್ರಾಯ್ಡ್ ಓಎಸ್". ನಮ್ಮ ಅಜ್ಜಿ ಹಾಲಿನ ಲೆಕ್ಕವನ್ನ ಗೋಡೆ ಕ್ಯಾಲೆಂಡರಿನಲ್ಲಿ ಬರೆಯೋರು. ಇಂಥ ದಿನ ಅರ್ಧ ಲೀಟರು, ಇಂಥ ದಿನ ನೆಂಟರು ಬಂದಿದ್ದಕ್ಕೆ ಒಂದೂವರೆ. ಹಾಲಿನವನು ತಿಂಗಳ ಕೊನೆಗೆ "ಇತರೆ: ಆರು ಲೀಟರು" ಅಂದಿದ್ದರೆ ಅವನು ತಿರುಗಿ ಆ ಬೀದಿಗೆ ಬರ್ತಿರಲಿಲ್ಲ. ನಮ್ಮ ಕಿಸೆಯಲ್ಲಿರೋದು ಚಂದ್ರನ ಮೇಲೆ ಜನರನ್ನ ಇಳಿಸಿದ ಕಂಪ್ಯೂಟರಿಗಿಂತ ಎಷ್ಟೋ ಪಟ್ಟು ಶಕ್ತಿಯ ಯಂತ್ರ. ಅದಕ್ಕೆ ಅಜ್ಜಿಯ ಕ್ಯಾಲೆಂಡರಿನಷ್ಟು ಲೆಕ್ಕ ಒಪ್ಪಿಸೋಕೆ ಬರಲ್ಲ.

ಈ ಸಾಲಿನಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬರೋದು "ವೈಫೈ ಮಾತ್ರ" ಅನ್ನೋ ಸುಳ್ಳಿನ ಮೇಲೆ. ವೈಫೈ ಅಂದರೆ ಪುಕ್ಕಟೆ ಅಂತ ಆ್ಯಪ್ ಬರೆದವರ ನಂಬಿಕೆ. ನೀವು ಕ್ಯಾಬಿನಲ್ಲಿ ಕೂತು, ಹನ್ನೊಂದರ ಕಾಲ್ ತಪ್ಪಬಾರದು ಅಂತ, ಫೋನಿನ ಹಾಟ್‌ಸ್ಪಾಟಿಗೆ ಆಫೀಸಿನ ಲ್ಯಾಪ್‌ಟಾಪ್ ಸೇರಿಸ್ತೀರಿ. ಲ್ಯಾಪ್‌ಟಾಪಿನ ಕಣ್ಣಿಗೆ ಅದೂ ವೈಫೈಯೇ. ಆಹಾ ಅಂತ ಬಾಕಿ ಇದ್ದ ವಿಂಡೋಸ್ ಅಪ್‌ಡೇಟನ್ನೆಲ್ಲ ಇಳಿಸಿಕೊಳ್ಳೋಕೆ ಶುರುಮಾಡುತ್ತೆ, ಕ್ಲೌಡ್ ಡ್ರೈವು ವಾರದ ಫೈಲುಗಳನ್ನೆಲ್ಲ ಮೇಲೆ ಕಳಿಸೋಕೆ ನಿಲ್ಲುತ್ತೆ. ಮಾರತ್‌ಹಳ್ಳಿ ಬ್ರಿಜ್ಜು ದಾಟೋದರೊಳಗೆ ದಿನದ ಕೋಟಾ ಗೋವಿಂದ. ಆ ನೆಟ್‌ವರ್ಕನ್ನ ಮೀಟರ್ಡ್ ಅಂತ ಗುರುತು ಮಾಡೋ ಸ್ವಿಚ್ಚು ವಿಂಡೋಸಿನಲ್ಲಿದೆ. ಇದೆ ಅಷ್ಟೆ, ನೀವು ಹೋಗಿ ಒತ್ತಬೇಕು. ಇದೇ ಮೈಕ್ರೋಸಾಫ್ಟು 2015ರಲ್ಲಿ ವಿಂಡೋಸ್ 10ರ ಫೈಲುಗಳನ್ನ, ಬೇಕು ಅಂತ ಕೇಳದವರ ಕಂಪ್ಯೂಟರಿಗೂ ಮೂರರಿಂದ ಆರು ಜಿಬಿವರೆಗೆ ಇಳಿಸಿಟ್ಟಿತ್ತು ಅನ್ನೋದನ್ನ ಮರೀಬೇಡಿ. ಇನ್ನೊಂದು ಮಾತು: ಆಫೀಸಿನ ಲ್ಯಾಪ್‌ಟಾಪಿನ ಅಪ್‌ಡೇಟು ನಿಮ್ಮ ಸ್ವಂತ ರೀಚಾರ್ಜಿನಲ್ಲಿ ಆಗಿದ್ದಕ್ಕೆ ಎಷ್ಟು ಜನ ಎಚ್‌ಆರಿಗೆ ಬಿಲ್ ಕಳಿಸಿದ್ದೀರಿ? ಕಾಫಿ ಮೆಶೀನಿನ ಬಗ್ಗೆ ಮೇಲ್ ಬರೆಯೋ ನಾವು ಇದರ ಬಗ್ಗೆ ಯಾಕೆ ಸುಮ್ಮನಿರ್ತೀವಿ?

ನಮಗೇನೋ ಮನೆಯಲ್ಲಿ ಫೈಬರ್ ಇದೆ, ಆಫೀಸಿನಲ್ಲಿ ಇದೆ, ದಾರಿಯ ಕೆಫೆಯಲ್ಲೂ ಪಾಸ್‌ವರ್ಡ್ ಸಿಗುತ್ತೆ. ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ಅಮ್ಮನ ಫೋನೊಂದೇ ಇಡೀ ಮನೆಯ ಇಂಟರ್ನೆಟ್ಟು. ಸಂಬಂಧಿಕರ ಐದು ವಾಟ್ಸಾಪ್ ಗುಂಪುಗಳ ಗುಡ್ ಮಾರ್ನಿಂಗ್ ಚಿತ್ರಗಳೆಲ್ಲ ಕೇಳದೆಯೇ ಇಳೀತಾವೆ. ರೀಲ್ಸು ತಾವಾಗಿಯೇ ಓಡ್ತಾವೆ. ಮಧ್ಯಾಹ್ನಕ್ಕೆ "ಮಗಾ, ನೆಟ್ ಬರ್ತಿಲ್ಲ ಕಣೋ" ಅಂತ ಫೋನು. ಈ ಕಡೆಯ ಮಗ ಮೀಟಿಂಗಿನ ಮಧ್ಯೆ "ನೀನೇ ಏನೋ ಒತ್ತಿರ್ತೀಯಮ್ಮ" ಅಂತ ರೇಗಿ, ಬೂಸ್ಟರ್ ಹಾಕಿಸಿ, ಕೈ ತೊಳ್ಕೋತಾನೆ. ಅಮ್ಮ ಏನೂ ಒತ್ತಿಲ್ಲ ಸ್ವಾಮಿ. ಒತ್ತದೇ ಇದ್ದದ್ದೇ ಸಮಸ್ಯೆ. ಡೇಟಾ ಸೇವರ್ ಅನ್ನೋದು 2016ರ ಆಂಡ್ರಾಯ್ಡ್ 7ರಿಂದಲೇ ಇದೆ, ಐಫೋನಿನ ಲೋ ಡೇಟಾ ಮೋಡ್ 2019ರಿಂದ. ಎರಡೂ ಆಫ್ ಆಗಿಯೇ ಹುಟ್ಟುತ್ತವೆ. ದಿನಕ್ಕೆ ಒಂದೂವರೆ ಜಿಬಿಯ ದೇಶದಲ್ಲಿ ಮಾರೋ ಫೋನಿನಲ್ಲಿ ಅದು ಆನ್ ಆಗಿ ಬರಲಿ, ಬೇಡದವರು ಆಫ್ ಮಾಡಿಕೊಳ್ಳಲಿ. ಹುಡುಕಾಡೋ ಶ್ರಮ ಅನುಕೂಲಸ್ಥರಿಗಿರಲಿ.

ಕಂಪನಿಯ ಕಡೆಯ ಮೀಟರಿನ ಬಗ್ಗೆ ಕಾನೂನು ಇಲ್ಲದೇ ಇಲ್ಲ. ಮೀಟರಿಂಗ್ ಮತ್ತು ಬಿಲ್ಲಿಂಗ್ ನಿಖರವಾಗಿರಬೇಕು, ಅದರ ಆಡಿಟ್ ಆಗಬೇಕು ಅಂತ ಟ್ರಾಯ್ 2006ರಲ್ಲೇ ನಿಯಮ ಮಾಡಿ 2023ರಲ್ಲಿ ಹೊಸದಾಗಿ ಬರೆದಿದೆ. ಆದರೆ ಆ ಮೀಟರು ಹೇಳೋದು ಎಷ್ಟು ಹೋಯ್ತು ಅನ್ನೋದನ್ನ ಮಾತ್ರ. ಯಾರು ಬಳಸಿದರು ಅನ್ನೋದನ್ನ ಹೇಳಬೇಕಾದದ್ದು ಫೋನು. ಬೆಸ್ಕಾಂ ಮೀಟರು ಮನೆಯ ಹೊರಗೋಡೆಯಲ್ಲಿರುತ್ತೆ, ಓದೋಕೆ ಬಂದವನಿಗೂ ಕಾಣುತ್ತೆ, ನಮಗೂ ಕಾಣುತ್ತೆ. ಗೀಸರ್ ಆನ್ ಮಾಡಿದ್ದು ನಾವೇ ಅಂತಲೂ ಗೊತ್ತಿರುತ್ತೆ. ಗೀಸರ್ ಮಾಡಿದ ಕಂಪನಿ ರಾತ್ರಿ ಬಂದು ತನ್ನ ಕೆಲಸಕ್ಕೆ ನೀರು ಕಾಯಿಸ್ಕೊಂಡು ಹೋಗಲ್ಲ. ತರಕಾರಿ ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು ಅನ್ನೋ ದೇಶದಲ್ಲಿ ಫೋನಿನೊಳಗಿನ ತಕ್ಕಡಿಯನ್ನ ಯಾರೂ ಮುಟ್ಟಿ ನೋಡಿಲ್ಲ. ದಿನದ ಲೆಕ್ಕದಲ್ಲಿ ಡೇಟಾ ಮಾರೋ ಕಡೆ ಮಾರಾಟವಾಗೋ ಪ್ರತಿ ಫೋನೂ ದಿನದ ಲೆಕ್ಕ ತೋರಿಸಬೇಕು, ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಹಾರೋ ಮೊದಲು ಕೇಳಬೇಕು, ತಯಾರಕರ ಸ್ವಂತ ಕೆಲಸದ ಡೇಟಾವನ್ನ ಬೇರೆ ಸಾಲಿನಲ್ಲಿ ಹೆಸರು ಸಮೇತ ಬರೀಬೇಕು. ಇದನ್ನ ಕಡ್ಡಾಯ ಮಾಡೋಕೆ ಹೊಸ ತಂತ್ರಜ್ಞಾನ ಬೇಕಿಲ್ಲ, ಒಂದು ಆದೇಶ ಸಾಕು. ಮಾತಾಡೋಕೆ ಮಾತ್ರ ಫೋನಿಟ್ಟುಕೊಂಡವರಿಗೆ ಡೇಟಾ ಇಲ್ಲದ ಪ್ಯಾಕು ಕೊಡಿ ಅಂತ ಹೇಳೋಕೆ ಟ್ರಾಯ್‌ಗೆ 2024ರ ಡಿಸೆಂಬರ್‌ವರೆಗೆ ಬೇಕಾಯ್ತು. ಹಾಗಾಗಿ ನಾಳೆಯೇ ಆಗುತ್ತೆ ಅಂತ ನಾನೇನೂ ಕಾದು ಕೂತಿಲ್ಲ.

ಕೇಳೋರು ಕೇಳ್ತಾ ಇದ್ದರೆ ಮಾತ್ರ ಆದೇಶಗಳು ಹುಟ್ಟೋದು. 2015ರ ನಿಯಮದ ಪ್ರಕಾರ ನಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಡೇಟಾ ಸೇವೆ ಶುರುಮಾಡೋ ಹಾಗಿಲ್ಲ, ಬೇಡವಾದರೆ 1925ಕ್ಕೆ ಕರೆ ಅಥವಾ ಎಸ್ಸೆಮ್ಮೆಸ್ ಮಾಡಿ ನಿಲ್ಲಿಸಬಹುದು. ಮುಂದಿನ ಸಲ "ಬ್ಯಾಕ್‌ಗ್ರೌಂಡಲ್ಲಿ ಯಾವ್ದೋ ಆ್ಯಪ್" ಅಂದಾಗ ಥ್ಯಾಂಕ್ಯೂ ಹೇಳಿ ಇಡಬೇಡಿ. ಫೋನಿನ ಲೆಕ್ಕದ ಪುಟದ ಸ್ಕ್ರೀನ್‌ಶಾಟ್, ಶೇ. 50, ಶೇ. 90ರ ಮೆಸೇಜುಗಳು ಬಂದ ಹೊತ್ತು, ಎರಡನ್ನೂ ಇಟ್ಟುಕೊಂಡು ದೂರು ದಾಖಲಿಸಿ, ಡಾಕೆಟ್ ನಂಬರ್ ಕೇಳಿ. ಉತ್ತರ ಸರಿಬರಲಿಲ್ಲವಾದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅವರು 39 ದಿನದಲ್ಲಿ ತೀರ್ಮಾನ ಹೇಳಬೇಕು. ಟ್ರಾಯ್ ಒಬ್ಬೊಬ್ಬರ ದೂರನ್ನ ವಿಚಾರಿಸಲ್ಲ, ಅಲ್ಲಿಗೆ ಬರೆದು ಕಾಯಬೇಡಿ. ಟೆಲಿಕಾಂ ದೂರು ಗ್ರಾಹಕರ ಕೋರ್ಟಿಗೆ ಬರಲ್ಲ ಅಂತ ಯಾರಾದರೂ ಹೆದರಿಸಿದರೆ, ಬರುತ್ತೆ ಅಂತ 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕರೆ ಉಚಿತ, ಡೇಟಾ ಬೇಕಿಲ್ಲ.